ಬೀರುವಿನೊಳಗಿನ ಸ್ಯಾಕ್ಸೊಫೋನ್

ಸ್ಯಾಕ್ಸೊಫೋನ್ ಮೇಷ್ಟ್ರು ಆ ದಿನ ಬೆಳಗ್ಗೆ ಬಟ್ಟೆ ಬೀರುವಿನೊಳಗೆ ಹೊಕ್ಕು ಬಾಗಿಲು ಹಾಕಿಕೊಂಡದ್ದೇ ಎಲ್ಲದಕ್ಕೂ ಮೂಲ.

ಅವರಿಗೆ ಹುಚ್ಚೇನೂ ಹಿಡಿದಿರಲಿಲ್ಲ. ಒಂದು ಕಾಲಕ್ಕೆ ಹಡಗಿನ ಬ್ಯಾಂಡಿನಲ್ಲಿ, ಆಮೇಲೆ ಊರಿನ ಕ್ಲಬ್ಬುಗಳಲ್ಲಿ ಜಾಜ್ ಊದಿ, ಹಾಡಿ, ಕುಣಿಯಲು ಬಂದವರನ್ನು ಅಳಿಸಿದ್ದ ಮನುಷ್ಯ. ಕ್ಲಬ್ಬುಗಳೂ ಒಂದೊಂದಾಗಿ ಮುಚ್ಚಿದವು. ಅವರನ್ನು ಕೇಳುವವರೇ ಇಲ್ಲವಾದರು. ಈಗ, ಎಷ್ಟೋ ವರ್ಷಗಳ ಮೇಲೆ, ದೊಡ್ಡ ಹೋಟೆಲೊಂದು ಅಂದೇ ಸಂಜೆಗೆ ಕರೆದಿತ್ತು: ಒಂದು ಹಾಡು ಹಾಡಿ, ಊದಿ ತೋರಿಸಿ, ಹಿಡಿಸಿದರೆ ವಾರವಾರವೂ ನೀವೇ.

ಅಭ್ಯಾಸ ಮಾಡದಿದ್ದರೆ ಆಗದು. ಮಾಡಿದರೆ ಪಕ್ಕದ ಮನೆಯ ನಿವೃತ್ತ ಪೋಸ್ಟ್ ಮಾಸ್ಟರ್ ಗೋಡೆ ಗುದ್ದುತ್ತಿದ್ದರು. ಅದಕ್ಕೇ ಮೇಷ್ಟ್ರು ಕೋಟು, ಕಂಬಳಿಗಳ ನಡುವೆ ಕೂತು ಊದಿದರು.

ಕಂಬಳಿ ರಾಗವನ್ನು ನುಂಗಿ ನರಳಾಟವನ್ನಷ್ಟೇ ಹೊರಗೆ ಬಿಟ್ಟಿತು. ಪೋಸ್ಟ್ ಮಾಸ್ಟರಿಗೆ ಯಾರೋ ಪ್ರಾಣ ಬಿಡುವ ಹಾಗೆ ಕೇಳಿಸಿತು. ಮೇಲಿನ ಮನೆಯ ಟೈಲರಮ್ಮನನ್ನು ಕೂಗಿ ಕರೆದು, ಇಬ್ಬರೂ ಸೇರಿ ಮೇಷ್ಟ್ರ ಮನೆ ಬಾಗಿಲು ಮುರಿದರು. ಬೀರು ತೆರೆದರೆ ಒಳಗೆ ಮೇಷ್ಟ್ರು: ಮುಖ ಬದನೆಕಾಯಿ ಬಣ್ಣ, ಮೈತುಂಬ ಬೆವರು.

"ಹಾರ್ಟ್ ಅಟ್ಯಾಕ್!" ಎಂದರು ಪೋಸ್ಟ್ ಮಾಸ್ಟರ್.

"ಇಲ್ಲಾ ರೀ, ನಾನು... ಸಂಗೀತ..."

"ನೋಡಿ, ಮಾತೂ ತಡವರಿಸ್ತಿದೆ! ಎತ್ತಮ್ಮಾ!"

ಆಂಬುಲೆನ್ಸಿನಲ್ಲಿ ಟೈಲರಮ್ಮ "ಅಣ್ಣಾ, ಕಣ್ಣು ಮುಚ್ಚಬೇಡಿ" ಎಂದು ಬೂಟು ಕಳಚಿ ಅಂಗಾಲು ತಿಕ್ಕಿದಳು. ಕಚಗುಳಿ ತಾಳಲಾರದೆ ಮೇಷ್ಟ್ರು ನಕ್ಕರೆ, "ಅಯ್ಯೋ, ಬುದ್ಧಿನೂ ಹೋಯ್ತು!" ಎಂದು ಗೊಳೋ ಅತ್ತಳು.

ಆಸ್ಪತ್ರೆಯಲ್ಲಿ ಡಾಕ್ಟರು ಕತೆಯೆಲ್ಲ ಕೇಳಿ ನಗುನಗುತ್ತಲೇ ಎದೆಗೆ ಸ್ಟೆತಸ್ಕೋಪ್ ಇಟ್ಟರು. ನಗು ನಿಂತಿತು. ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಹೃದಯ ಗಟ್ಟಿಯಾಗಿದೆ ಮೇಷ್ಟ್ರೇ. ಶ್ವಾಸಕೋಶ ಮಾತ್ರ ಜರಡಿ ಆಗಿದೆ. ಇನ್ಮೇಲೆ ಊದೋ ಹಾಗಿಲ್ಲ. ಹಾಡೋ ಹಾಗೂ ಇಲ್ಲ."

"ಇವತ್ತೊಂದು ಸಂಜೆ?"

"ಇವತ್ತು ಊದಿದ್ರೆ ವೇದಿಕೆ ಮೇಲೇ ಪ್ರಾಣ ಹೋಗುತ್ತೆ."

ಮೇಷ್ಟ್ರು ಆಸೆಯಿಂದ ತಲೆಯೆತ್ತಿದರು. "ಹಾಡು ಮುಗಿದ ಮೇಲಾ, ಮಧ್ಯದಲ್ಲಾ?"

ಡಾಕ್ಟರು, ಮೇಷ್ಟ್ರು ಹೋಟೆಲಿಗೆ ಓಡದ ಹಾಗೆ ಅವರ ಬೂಟುಗಳನ್ನು ಒಳಗೆ ಎತ್ತಿಡುವಂತೆ ನರ್ಸಿಗೆ ಹೇಳಿ ಹೊರಟುಹೋದರು.

ಪೋಸ್ಟ್ ಮಾಸ್ಟರ್ ಓಡಿಬಂದು ಮೇಷ್ಟ್ರ ಕೈ ಹಿಡಿದುಕೊಂಡರು. ಅವರ ಕಣ್ಣು ನಿಜಕ್ಕೂ ತುಂಬಿತ್ತು. "ನಾವು ಬಾಗಿಲು ಮುರೀದೇ ಇದ್ದಿದ್ರೆ ಏನು ಗತಿ! ಊದೋದು ಬಿಟ್ರೆ ಇನ್ನೂ ಇಪ್ಪತ್ತು ವರ್ಷ ಬದುಕ್ತೀರಂತೆ!"

ಕಿಟಕಿಯಾಚೆ ಬಿಸಿಲು ಇಳಿಯುತ್ತಿತ್ತು. ಹೋಟೆಲಿನಲ್ಲಿ ಈಗ ದೀಪ ಹಚ್ಚುತ್ತಿರಬಹುದು.

"ಇಪ್ಪತ್ತು ವರ್ಷ ಏನು ಮಾಡ್ಲಿ ಸ್ವಾಮೀ?"

"ಮಾಡೋದೇನಿದೆ?" ಪೋಸ್ಟ್ ಮಾಸ್ಟರ್ ಪ್ರೀತಿಯಿಂದ ಬೆನ್ನು ತಟ್ಟಿದರು. "ದಿನಾ ಸಂಜೆ ನಮ್ಮನೆಗೆ ಬಂದ್ಬಿಡಿ. ಇಬ್ರೂ ಸುಮ್ನೆ ಕೂತಿರೋಣ."