ಜೀರುಂಡೆಗಳಿಗೆ ಆಟಿ ಕಷಾಯ

ಮೂವತ್ತು ವರ್ಷ ಪಂಚಾಯತ್ ಗುಮಾಸ್ತನಾಗಿ ಊರಿನವರ ತಕರಾರುಗಳನ್ನೆಲ್ಲ ಸಂಭಾಳಿಸಿದವನಿಗೆ ಒಂದು ಡಬ್ಬ ಜೀರುಂಡೆ ಯಾವ ಲೆಕ್ಕ? ಹೀಗೆಂದು ನನ್ನ ಹೆಂಡತಿ ವಸಂತಿಗೆ ಎದೆ ತಟ್ಟಿ ಹೇಳಿದ್ದೆ. ಅವಳು ನಂಬಿದಳು. ಅನಾಹುತ ಅಲ್ಲಿಂದಲೇ ಶುರು!

ಜೀರುಂಡೆಗಳು ವಸಂತಿಯ ತಮ್ಮ ಸುಧಾಕರನವು. ಮಣಿಪಾಲದ ಒಂದು ಲ್ಯಾಬಿನಲ್ಲಿ ಕೆಲಸಕ್ಕಿದ್ದ ಅವನು ಮದುವೆಯಾಗುವ ಬದಲು ಹಲ್ಲಿ ಸಾಕಿದ. ಗೋಡೆಯ ಹಲ್ಲಿಯಲ್ಲ, ಮೈತುಂಬ ಚುಕ್ಕೆಯಿರುವ, ಗಾಜಿನ ಪೆಟ್ಟಿಗೆಯಲ್ಲಿ ಬಲ್ಬಿನ ಬಿಸಿ ಕಾಯಿಸುತ್ತ ಮಲಗುವ ವಿದೇಶಿ ಹಲ್ಲಿ. ಹೆಸರು ರಾಣಿ. ರಾಣಿಗೆ ಊಟಕ್ಕೆ ಜೀವಂತ ಜೀರುಂಡೆಯೇ ಆಗಬೇಕು. ಅದಕ್ಕಾಗಿ ಜೀರುಂಡೆಗಳನ್ನೂ ಸಾಕಿದ. ಅವು ಮೊಟ್ಟೆಯಿಟ್ಟು ಮರಿ ಮಾಡಿದವು. ಆ ಮನೆಯಲ್ಲಿ ಸಂಸಾರ ಎಂಬುದು ಇದ್ದದ್ದು ಅವಕ್ಕೆ ಮಾತ್ರ.

ವಸಂತಿ ದಿನಾ ಸಂಜೆ ಕಾಪುವಿನ ನಮ್ಮ ಮನೆಯಿಂದ ಅವನಿಗೆ ಫೋನ್ ಮಾಡುತ್ತಿದ್ದಳು. ಅವನ ದನಿಗಿಂತ ಮೊದಲು ಕಿರ್ ಕಿರ್ ಎಂಬ ಶಬ್ದವೇ ಬರುತ್ತಿತ್ತು.

"ಆ ಹುಳಗಳ ಬಾಯಿ ಮುಚ್ಚಿಸು ಮಾರಾಯ! ನೀನು ಹೇಳುದು ಒಂದೂ ಕೇಳುದಿಲ್ಲ."

"ಅವು ನಿನ್ನನ್ನೇ ಮಾತಾಡಿಸುದು ಅಕ್ಕ!"

ಹೋದ ಬೇಸಿಗೆಯಲ್ಲಿ ಸುಧಾಕರ ತೀರಿಕೊಂಡ. ಬೆಳಿಗ್ಗೆ ಎದೆನೋವು ಎಂದವನು ಮಧ್ಯಾಹ್ನಕ್ಕೆ ಇರಲಿಲ್ಲ. ಅವನ ಬಟ್ಟೆಬರೆಯ ಜೊತೆ ರಾಣಿಯ ಪೆಟ್ಟಿಗೆ, ಜೀರುಂಡೆ ಡಬ್ಬ ಮತ್ತು ಅವುಗಳ ಆರೈಕೆಯ ಬಗ್ಗೆ ಅವನು ಬರೆದಿಟ್ಟಿದ್ದ ನೋಟ್‌ಬುಕ್ ನಮ್ಮ ಮನೆಗೆ ಬಂದವು. ಹಲ್ಲಿ ಕಂಡರೆ ಕಿರುಚುವ ವಸಂತಿ ರಾಣಿಯ ಕಡೆ ತಿರುಗಿಯೂ ನೋಡಲಿಲ್ಲ. ಆದರೆ ಸಂಜೆ, ಫೋನ್ ಮಾಡುತ್ತಿದ್ದ ಅದೇ ಹೊತ್ತಿಗೆ, ಜೀರುಂಡೆ ಡಬ್ಬದ ಪಕ್ಕ ಕುರ್ಚಿ ಹಾಕಿ ಕುಳಿತಳು. ಅವು ಕೂಗಿದವು. ಅವಳು ಕೇಳಿಸಿಕೊಂಡಳು. ಮರುದಿನವೂ ಹಾಗೆಯೇ. ರಾಣಿಯ ಊಟದ ಪಾಲು ಬಿಟ್ಟರೆ ಈ ಹುಳಗಳಲ್ಲಿ ಒಂದೂ ಸಾಯಬಾರದೆಂದು ಮನಸ್ಸಿನಲ್ಲೇ ಠರಾವು ಮಾಡಿದೆ.

ನೋಟ್‌ಬುಕ್ಕನ್ನು ನಾನು ಓದಲಿಲ್ಲ. ಅನುಭವಸ್ಥನಿಗೆ ಅದೆಲ್ಲ ಯಾಕೆ?

ಬಾಯಾರಬಾರದೆಂದು ಬಟ್ಟಲು ತುಂಬ ನೀರಿಟ್ಟೆ. ಬೆಳಿಗ್ಗೆ ಆರು ಜೀರುಂಡೆಗಳು ಜಲಸಮಾಧಿ! ಆಮೇಲೆ ನೋಟ್‌ಬುಕ್ ತೆರೆದರೆ ಮೊದಲ ಸಾಲೇ, "ಬಟ್ಟಲಲ್ಲಿ ನೀರು ಇಡಬಾರದು, ಒದ್ದೆ ಹತ್ತಿ ಇಡಬೇಕು." ಮಳೆಗಾಲ ಶುರುವಾದಾಗ ಶೀತವಾಗಬಾರದೆಂದು ಡಬ್ಬಕ್ಕೆ ಕಂಬಳಿ ಹೊದೆಸಿದೆ. ಒಳಗೆ ಬೂಸಲು ಹಿಡಿಯಿತು. ಎರಡನೇ ಸಾಲು, "ಗಾಳಿ ಆಡಬೇಕು." ಒದ್ದೆಯಾಗಿ ನಾರುತ್ತಿದ್ದ ಮಣ್ಣು ತುಂಬಿದ ಒಂದು ಕರಡಿಗೆ ಡಬ್ಬದೊಳಗಿತ್ತು. ಆ ಮಣ್ಣನ್ನು ಹಿತ್ತಿಲಿಗೆ ಒಯ್ದು ಬಸಳೆ ಚಪ್ಪರದ ಬುಡಕ್ಕೆ ಸುರಿದೆ. ಮೂರನೇ ಸಾಲನ್ನು ಆಗ ಓದಿರಲಿಲ್ಲ.

ಆದರೂ ದಿನಕ್ಕೆ ಎರಡು ಮೂರು ಹುಳ ಕಾಲು ಮೇಲೆ ಮಾಡಿ ಬೀಳುತ್ತಲೇ ಇದ್ದವು. ಅಷ್ಟರಲ್ಲಿ ಆಟಿ ಅಮಾವಾಸ್ಯೆ ಬಂತು. ಆಟಿ ತಿಂಗಳ ಜಡಿಮಳೆಯಲ್ಲಿ ಕಾಯಿಲೆ ಜಾಸ್ತಿಯೆಂದು ಆ ದಿನ ನಮ್ಮಲ್ಲಿ ಎಲ್ಲರೂ ಬರಿಹೊಟ್ಟೆಯಲ್ಲಿ ಪಾಲೆ ಮರದ ತೊಗಟೆಯ ಕಷಾಯ ಕುಡಿಯಬೇಕು. ಅದರ ಕಹಿಗೆ ಹಿಂದಿನ ವರ್ಷ ಮಾಡಿದ ತಪ್ಪುಗಳೂ ನೆನಪಾಗುತ್ತವೆ. ಮೂಗು ಹಿಡಿದು ಕುಡಿದವನಿಗೆ ತಟ್ಟನೆ ಹೊಳೆಯಿತು. ಜೀರುಂಡೆಗಳೂ ಈಗ ನಮ್ಮ ಮನೆಯವರಲ್ಲವೇ?

ಹತ್ತಿಯನ್ನು ಕಷಾಯದಲ್ಲಿ ಅದ್ದಿದೆ.

"ಎಂತ ಮಾಡುದು ನೀವು?" ವಸಂತಿ ಕೇಳಿದಳು.

"ಆಟಿ ಮದ್ದು. ಇನ್ನು ವರ್ಷವಿಡೀ ಇವಕ್ಕೆ ಕಾಯಿಲೆ ಇಲ್ಲ!"

ಅವಳು ನಕ್ಕಳು. ತಮ್ಮ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಆ ಖುಷಿಯಲ್ಲಿ ಇನ್ನೂ ಎರಡು ಉಂಡೆ ಹತ್ತಿ ಅದ್ದಿಟ್ಟೆ, ಡಬ್ಬದ ಮೂಲೆ ಮೂಲೆಗೂ ಸ್ವಲ್ಪ ಚಿಮುಕಿಸಿದೆ.

ಮರುದಿನ ಬೆಳಿಗ್ಗೆ ಡಬ್ಬದಲ್ಲಿ ಸದ್ದಿಲ್ಲ. ಮದ್ದು ಹಿಡಿದು ಮಲಗಿವೆ ಎಂದುಕೊಂಡೆ. ಅಷ್ಟರಲ್ಲಿ ಪಕ್ಕದ ಮನೆಯ ಸ್ಟ್ಯಾನಿ ಪೊರ್ಬು ಕಾಂಪೌಂಡಿನಾಚೆಯಿಂದ ಕರೆದರು.

"ಮಾರಾಯ್ರೆ, ನಿಮ್ಮ ಬಸಳೆಗೆ ಒಂದು ಹುಳ ಇಲ್ಲ! ಎಂತ ಔಷಧ ಹೊಡೆಯುದು ನೀವು?"

ನನ್ನ ಎದೆ ಉಬ್ಬಿತು. "ಅದು ನನ್ನದೇ ತಯಾರಿ ಪೊರ್ಬು! ಬೆಳ್ಳುಳ್ಳಿ, ಕಾಳುಮೆಣಸು, ಓಮ ಹಾಕಿ ಅರೆಯುದು. ಎಂಥ ಹುಳವಾದರೂ ಒಂದೇ ದಿನದಲ್ಲಿ..."

ಅಲ್ಲಿಗೆ ನಿಲ್ಲಿಸಿದೆ. ಪಾಲೆ ಕಷಾಯಕ್ಕೆ ನಾವು ಹಾಕುವುದೇನು? ಬೆಳ್ಳುಳ್ಳಿ. ಕಾಳುಮೆಣಸು. ಓಮ!

ಒಳಗೆ ಓಡಿದೆ. ಒಂದೂ ಉಳಿದಿರಲಿಲ್ಲ.

ವಸಂತಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು. ಡಬ್ಬದೊಳಗೆ ಬಗ್ಗಿ ನೋಡಿ, "ಒಂದೂ ಇಲ್ವಾ?" ಎಂದಳು. ಅಭ್ಯಾಸಬಲದಿಂದ ಸಂಜೆ ಕುರ್ಚಿ ಎಳೆದು ಕುಳಿತಳು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಕುರ್ಚಿಯನ್ನು ಗೋಡೆಗೆ ತಾಗಿಸಿಟ್ಟು ಒಳಗೆ ಹೋದಳು. ಅವಳ ತಮ್ಮನನ್ನು ನಾನು ಎರಡನೇ ಸಲ ಸಾಯಿಸಿದಂತಾಗಿತ್ತು.

ಉಡುಪಿಯ ಅಂಗಡಿಯಿಂದ ಹೊಸ ಜೀರುಂಡೆ ತಂದೆ. ರಾಣಿ ಯಾವ ದುಃಖವೂ ಇಲ್ಲದೆ ತಿಂದಳು. ಅವು ಕೂಗಿದವು ಕೂಡ. "ಇವು ಯಾರವೋ" ಎಂದಳು ವಸಂತಿ. ಕುರ್ಚಿ ಗೋಡೆಯ ಹತ್ತಿರವೇ ಉಳಿಯಿತು.

ಆಗ ನೋಟ್‌ಬುಕ್ಕಿನ ಮೂರನೇ ಸಾಲು ಓದಿದೆ. "ಮಣ್ಣಿನ ಕರಡಿಗೆಯಲ್ಲಿ ಮೊಟ್ಟೆ ಇರುತ್ತವೆ. ಜಾಗ್ರತೆ." ಅದನ್ನು ವಸಂತಿಗೆ ಹೇಳದಿರಲು ಆಗಲಿಲ್ಲ. ಹೇಳಿದೆ. ಅವಳು ಮಳೆಯಲ್ಲೇ ಹೋಗಿ ಬಸಳೆಯ ಬುಡ ನೋಡಿ ಬಂದಳು. ಕೆಸರಲ್ಲದೆ ಏನೂ ಇರಲಿಲ್ಲ.

ಮಳೆ ಬಿಟ್ಟ ಒಂದು ಸಂಜೆ ಹಿತ್ತಿಲಿನಿಂದ ಅವಳ ಕೂಗು.

"ಇಲ್ಲಿ ಬನ್ನಿ! ಚಪ್ಪರದಲ್ಲಿ ಕೇಳುತ್ತಾ ಉಂಟು! ಅವನವೇ ಅಲ್ವಾ?"

ಕಾಪುವಿನಲ್ಲಿ ಮಳೆಗಾಲದ ಸಂಜೆ ಜೀರುಂಡೆ ಕೂಗದ ಹಿತ್ತಿಲು ಯಾವುದಿದೆ? ಅವಳಿಗೂ ಅದು ಗೊತ್ತು. ಆದರೂ ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು.

"ಹೌದು, ಅವನವೇ" ಎಂದೆ. ಮೂವತ್ತು ವರ್ಷದ ಸರ್ವೀಸಿನಲ್ಲೂ ನಾನು ಸುಳ್ಳು ದೃಢೀಕರಣ ಕೊಟ್ಟವನಲ್ಲ.

ಅವಳು ಒಳಗಿನಿಂದ ಕುರ್ಚಿ ತಂದಳು.

ಈಗ ನಮ್ಮ ಬಸಳೆಯಲ್ಲಿ ಎಲೆಗಿಂತ ತೂತೇ ಹೆಚ್ಚು. ಮೊನ್ನೆ ಪೊರ್ಬು ಇಣುಕಿ ನೋಡಿ, "ನಿಮ್ಮ ಔಷಧ ಎಂತಾಯ್ತು ಮಾರಾಯ್ರೆ?" ಎಂದು ಕೇಳಿದರು.

"ಅದೆಲ್ಲ ಬರೀ ಬಡಾಯಿ ಪೊರ್ಬು" ಎಂದೆ. "ಅದರಿಂದ ಒಂದು ಹುಳವೂ ಸಾಯುದಿಲ್ಲ."