ಉಸ್ಮಾನರ ಶುಂಠಿ ಬೀರು

ಬೆಳ್ಳಾರೆಯ ತಿರುಮಲೇಶ್ವರ ಭಟ್ಟರಿಗೆ ನಾಲಿಗೆಯೇ ಶತ್ರು. ಮಾತಿನ ವಿಷಯದಲ್ಲಲ್ಲ, ರುಚಿಯ ವಿಷಯದಲ್ಲಿ. ಮದುವೆಮನೆಯಲ್ಲಿ ಸಾರಿನ ಒಂದು ಹನಿಯನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿದರೆ ಸಾಕು, ಕೊತ್ತಂಬರಿ ಹೆಚ್ಚು ಹುರಿದಿದೆಯೋ, ಬೆಲ್ಲ ಹಳೆಯದೋ, ಅಡಿಗೆಯವನಿಗೆ ಬೆಳಿಗ್ಗೆ ಹೆಂಡತಿಯೊಡನೆ ಜಗಳವಾಗಿದೆಯೋ, ಎಲ್ಲವನ್ನೂ ಹೇಳಿಬಿಡುತ್ತಿದ್ದರು. ತನಗೆ ಗೊತ್ತಿಲ್ಲದ ರುಚಿಯೊಂದು ಲೋಕದಲ್ಲಿದೆಯೆಂದು ಒಪ್ಪಿಕೊಳ್ಳುವುದು ಅವರಿಗೆ ಜನಿವಾರ ಬಿಚ್ಚಿಟ್ಟಷ್ಟು ಕಷ್ಟ.

ಆಗ ಜಿಲ್ಲೆಯಲ್ಲೆಲ್ಲ ಪಾನನಿರೋಧ ಜಾರಿಯಲ್ಲಿತ್ತು. ಸುಳ್ಯದ ಪಾನನಿರೋಧ ಸಂಘಕ್ಕೆ ಹೊಸ ಕಾರ್ಯದರ್ಶಿ ಬೇಕಾಗಿತ್ತು. ಅಂದು ಸಂಜೆಯ ಸಭೆಯಲ್ಲಿ ಭಟ್ಟರನ್ನೇ ಆರಿಸುವುದೆಂದು ಅಧ್ಯಕ್ಷ ಉದಯಶಂಕರ ರಾಯರು ಮಾತು ಕೊಟ್ಟಿದ್ದರು. ಹತ್ತು ವರ್ಷ ಸಂಘದ ಚಾಪೆ ಹಾಸಿ ಮಡಚಿದ ಭಟ್ಟರಿಗೆ ಇದು ದೊಡ್ಡ ಗೌರವ. ಇಸ್ತ್ರಿಯ ಖಾದಿ ಜುಬ್ಬ ತೊಟ್ಟು ಅವರು ಸುಳ್ಯದಲ್ಲಿ ಬಸ್ಸಿಳಿದಾಗ ಬಿಸಿಲು ತಲೆಯ ಮೇಲೆ ದೋಸೆ ಹೊಯ್ಯುತ್ತಿತ್ತು.

"ಭಟ್ರೇ, ಬನ್ನಿ ಬನ್ನಿ. ನಿಮ್ಮ ನಾಲಿಗೆ ಸ್ವಲ್ಪ ಬೇಕಿತ್ತು" ಎಂದು ಕರೆದದ್ದು ಸೋಡಾ ಫ್ಯಾಕ್ಟರಿಯ ಉಸ್ಮಾನ್ ಬ್ಯಾರಿ. ಫ್ಯಾಕ್ಟರಿ ಎಂದರೆ ಒಂದು ಕೋಣೆ, ಗ್ಯಾಸು ತುಂಬಿಸುವ ಒಂದು ಯಂತ್ರ, ಗೋಡೆಯುದ್ದಕ್ಕೂ ಬಾಟಲಿಗಳು.

"ಎಂತಕ್ಕೆ ನಾಲಿಗೆ?"

"ಹೊಸ ಸರಕು ಮಾಡಿದ್ದೇನೆ. ಜಿಂಜರ್ ಬೀರು. ನೀವು ಹೌದು ಅಂದ್ರೆ ಮಾತ್ರ ಮಾರುದು."

ಭಟ್ಟರು ಎರಡು ಹೆಜ್ಜೆ ಹಿಂದೆ ಸರಿದರು. ಅವರು ಕಂಡ ಬೀರು ಒಂದೇ, ಹೆಂಡತಿ ಸೀರೆ ಇಡುವ ಬೀರು. ಆದರೆ ಇನ್ನೊಂದು ಬೀರು ಎಂಥದ್ದೆಂದು ಕೇಳಿ ಗೊತ್ತಿತ್ತು.

"ಅಯ್ಯೋ, ಹೆಸರು ಮಾತ್ರ ಮಾರಾಯ್ರೆ! ಒಳಗೆ ಶುಂಠಿ, ಬೆಲ್ಲ, ನಿಂಬೆಹುಳಿ. ಬೀರು ನಾನು ಕಣ್ಣಲ್ಲೂ ಕಂಡವನಲ್ಲ. ಹೆಸರು ದೊಡ್ಡದಿದ್ರೆ ವ್ಯಾಪಾರ ಆಗ್ತದೆ ಅಂತ ಇಟ್ಟದ್ದು."

ಸೋಡಾಕ್ಕೆ ಮಡಿಮೈಲಿಗೆ ಇಲ್ಲವೆಂದು ಭಟ್ಟರು ಹಿಂದೆಯೇ ತೀರ್ಮಾನಿಸಿದ್ದರು. ಬಾಯಿ ಬೇರೆ ಒಣಗಿತ್ತು. ಕೂತರು. ಉಸ್ಮಾನ್ ನಾಲ್ಕು ಬಗೆಯ ಬಾಟಲಿ ಮುಂದಿಟ್ಟ. ಬರೀ ಶುಂಠಿಯದನ್ನು ಕುಡಿದು, "ಖಾರ ಮುಂದೆ ಓಡ್ತದೆ, ಸಿಹಿ ಹಿಂದೆ ಏದುಸಿರು ಬಿಡ್ತದೆ" ಎಂದರು. ಪುನರ್ಪುಳಿ ಹಣ್ಣಿನ ಹುಳಿರಸ ಬೆರೆಸಿದ್ದಕ್ಕೆ, "ಇದು ಸಂಬಂಧ ಆಗುವ ಜಾತಕ" ಎಂದರು. ಗೇರುಹಣ್ಣಿನದಕ್ಕೆ ಗಂಟಲು ಕೆರೆದು, "ಇದನ್ನು ಶತ್ರುಗಳಿಗೆ ಇಡಿ" ಎಂದರು. ಕೊನೆಯದು ಹಲಸಿನ ಹಣ್ಣಿನದು. ಅದು ಒಂದು ವಾರ ಸೆಕೆಯಲ್ಲಿ ಕೂತು ಕೋಪಿಸಿಕೊಂಡಿತ್ತು. ಉಸ್ಮಾನ್ ಬಿರಡೆಯ ದಾರ ಬಿಚ್ಚಿದ್ದೇ ತಡ, ಢಂ! ಬಿರಡೆ ಮಾಡಿನ ಹಂಚು ಒಡೆಯಿತು. ನೊರೆ ಭಟ್ಟರ ತೆರೆದ ಬಾಯಿಗೂ ನುಗ್ಗಿ, ಅವರನ್ನು ನೆತ್ತಿಯಿಂದ ಹೊಕ್ಕುಳವರೆಗೆ ಅಭಿಷೇಕ ಮಾಡಿತು.

ಸದ್ದು ಕೇಳಿ ಪಕ್ಕದ ದರ್ಜಿ ಪ್ರೇಮನಾಥ ಕತ್ತರಿ ಹಿಡಿದುಕೊಂಡೇ ಓಡಿಬಂದ. ಊರಿನ ಸುದ್ದಿಗೆ ಕಾಜಾ ಹೊಲಿದು ಗುಂಡಿ ಹಾಕುವವನು ಅವನೇ. ನೊರೆ ಮೆತ್ತಿದ ಭಟ್ಟರನ್ನು ನೋಡಿದ. ಬಾಟಲಿಯ ಚೀಟಿಯಲ್ಲಿ ಕೆಂಪಕ್ಷರದ 'ಬೀರು' ನೋಡಿದ.

"ಭಟ್ರೇ! ನೀವಾ? ಇವತ್ತೇ?" ಎಂದವನು ಉತ್ತರಕ್ಕೆ ಕಾಯದೆ ಬೀದಿಗೆ ಇಳಿದ.

ತುಸು ಹೊತ್ತಿಗೆಲ್ಲ ಹೆಡ್ ಕಾನ್‌ಸ್ಟೇಬಲ್ ಬೋಜಪ್ಪ ಬಂದ. ಹಿಂದೆ ಅರ್ಧ ಪೇಟೆ ಬಂತು.

"ಇದು ಶುಂಠಿ ಬೀರು ಬೋಜಪ್ಪ, ಬೀರಲ್ಲ" ಎಂದರು ಭಟ್ಟರು.

"ಕಾಟುಹಂದಿ ಅಂದ್ರೆ ಹಂದಿ ಅಲ್ವಾ ಭಟ್ರೇ? ಬೀರು ಅಂತ ಬರೆದದ್ದುಂಟು, ನೊರೆ ಉಂಟು, ಕುಡಿದವರು ನೀವು ಇದ್ದೀರಿ. ಇಬ್ಬರೂ ಸ್ಟೇಷನ್ನಿಗೆ ನಡೀರಿ. ಇಲ್ಲದಿದ್ರೆ ಇದು ಬೀರಲ್ಲ ಅಂತ ಮರ್ಯಾದಸ್ಥರು ಒಬ್ಬರು ಹೇಳ್ಬೇಕು."

ಮರ್ಯಾದಸ್ಥರಿಗೇನು ಬರಗಾಲ? ಜವುಳಿ ಅಂಗಡಿಯವರು ಒಂದು ಗ್ಲಾಸು ಕುಡಿದು, "ಚಂದ ಉಂಟು. ಆದ್ರೆ ಬೀರು ಹೇಗಿರ್ತದೆ ಅಂತ ನನಗೆಂತ ಗೊತ್ತು?" ಎಂದರು. ಡಾಕ್ಟರು ಎರಡು ಗ್ಲಾಸು ಕುಡಿದು ಅದನ್ನೇ ಹೇಳಿದರು. ಹೋಟೆಲಿನವರು ಅನುಮಾನ ಪರಿಹಾರಕ್ಕೆಂದು ಮೂರನೆಯದನ್ನೂ ಕುಡಿದರು. ಬೀರಲ್ಲ ಎಂದರೆ ಬೀರಿನ ರುಚಿ ಗೊತ್ತು ಎಂದಾಗುತ್ತದಲ್ಲ! ಹಾಗಾಗಿ ಎಲ್ಲರೂ ಕುಡಿದರು, ಯಾರಿಗೂ ಏನೂ ಗೊತ್ತಾಗಲಿಲ್ಲ.

ಸಂಜೆಯ ಸಭೆಗೆ ಹೆಚ್ಚು ಜನವಿಲ್ಲದ್ದನ್ನು ಕಂಡು ಅಧ್ಯಕ್ಷ ಉದಯಶಂಕರ ರಾಯರೂ ಸಂಘದ ಸದಸ್ಯರನ್ನು ಕಟ್ಟಿಕೊಂಡು ಅಲ್ಲಿಗೇ ಬಂದರು. ಕಣ್ಣು ಮುಚ್ಚಿ ಒಂದು ಗುಟುಕು ಕುಡಿದರು. ಇನ್ನೊಂದು ಕುಡಿದರು. ತಲೆಯಾಡಿಸಿ, "ನಮ್ಮಂಥವರಿಗೆ ಇದೆಲ್ಲ ತಿಳಿಯುವ ವಿಷಯ ಅಲ್ಲ" ಎಂದರು.

"ಹಾಗಾದ್ರೆ ನಡೀರಿ" ಎಂದು ಬೋಜಪ್ಪ ಭಟ್ಟರ ತೋಳಿಗೆ ಕೈ ಹಾಕಿದ. ಉಸ್ಮಾನ್ ಅಳುವುದೊಂದು ಬಾಕಿ. "ನಾಲಿಗೆ ನಾಲಿಗೆ ಅಂತ ಹೆಸರು ಮಾಡಿದವರಲ್ವಾ ಭಟ್ರು? ಅವರಿಗೂ ಗೊತ್ತಾಗುದಿಲ್ಲವಾ?" ಎಂದು ಪ್ರೇಮನಾಥ ಹಲ್ಲು ಕಿರಿದ.

ಅದೇ ಸಾಕಾಯಿತು.

"ಗೊತ್ತಾಗದೆ ಎಂತ?" ಭಟ್ಟರು ತೋಳು ಕೊಡವಿದರು. "ಬೀರು ಅಂದ್ರೆ ಮೊದಲು ನಾಲಿಗೆಯ ತುದಿಗೆ ಕಹಿ. ಬೇವಿನ ಕಹಿ ಅಲ್ಲ, ಹಾಗಲಕಾಯಿ ಸಿಪ್ಪೆಯ ಕಹಿ. ಅದರ ಹಿಂದಿನಿಂದ ನಿನ್ನೆಯ ದೋಸೆಹಿಟ್ಟಿನ ಹುಳಿ ಇಣುಕಿ ನೋಡ್ತದೆ. ಕಡೆಗೆ ಹುರಿದ ಧಾನ್ಯದ ಪರಿಮಳ ಗಂಟಲಲ್ಲಿ ಕಾಲು ನೀಡಿ ಕೂತುಕೊಳ್ತದೆ. ಮೇಲೆ ನೊರೆ, ಆಗ ಕರೆದ ಹಾಲಿನ ಹಾಗೆ! ಇದರಲ್ಲಿ ಅದೆಲ್ಲ ಎಲ್ಲುಂಟು?"

ಗುಂಪು ಒಟ್ಟಿಗೇ ಎಂಜಲು ನುಂಗಿತು. ಬೋಜಪ್ಪ ಕೈ ಬಿಟ್ಟ. "ಸರಿ. ಇದು ಬೀರಲ್ಲ. ಕೇಸಿಲ್ಲ."

ಉಸ್ಮಾನ್ ಭಟ್ಟರ ಎರಡೂ ಕೈ ಹಿಡಿದುಕೊಂಡ. ಆಗ ರಾಯರು ಮೆಲ್ಲನೆ ಕೇಳಿದರು: "ತಿರುಮಲೇಶ್ವರರೇ, ಇಷ್ಟೆಲ್ಲ ನಿಮಗೆ ಹೇಗೆ ಗೊತ್ತು?"

ಭಟ್ಟರು ಜುಬ್ಬದ ನೊರೆ ಒರೆಸಿಕೊಂಡರು. "ಅದು... ನನ್ನ ಭಾವ ಬೊಂಬಾಯಿಯಲ್ಲಿರುದು. ಅವರು ಜಗಲಿಯಲ್ಲಿ ಕೂತು ಹೇಳಿದ್ದು."

"ಕೇಳಿದ್ರೆ ಗಂಟಲಿಗೆ ಪರಿಮಳ ಬರ್ತದಾ?" ಎಂದ ಪ್ರೇಮನಾಥ.

"ನನಗೆ ಗೊತ್ತಿಲ್ಲ! ನಾನು ಬೀರು ಮುಟ್ಟಿದವನೇ ಅಲ್ಲ! ಬಾಯಿಗೆ ಬಂದ ಹಾಗೆ ಹೇಳಿದ್ದು!" ಭಟ್ಟರು ಕೂಗಿದರು.

ಹೊರಟಿದ್ದ ಬೋಜಪ್ಪ ತಿರುಗಿ ಬಂದ. "ಗೊತ್ತಿಲ್ಲವಾ? ಹಾಗಾದ್ರೆ ಕೇಸುಂಟು."

ಭಟ್ಟರು ಬೋಜಪ್ಪನ ಲಾಠಿ ನೋಡಿದರು, ರಾಯರ ಮುಖ ನೋಡಿದರು, ಕೈಮುಗಿದು ನಿಂತ ಉಸ್ಮಾನನನ್ನು ನೋಡಿದರು. "ಗೊತ್ತುಂಟು" ಎಂದರು, ಬಾವಿಯೊಳಗಿಂದ ಬಂದಂಥ ದನಿಯಲ್ಲಿ.

"ಒಳ್ಳೆಯದಾಯ್ತು" ಎಂದು ಬೋಜಪ್ಪ ಮೀಸೆ ತಿರುವಿದ. "ಸ್ಟೇಷನ್ನಿನಲ್ಲಿ ಹಿಡಿದು ತಂದ ಬಾಟಲಿ ರಾಶಿ ಉಂಟು. ಯಾವುದು ಎಂತದು ಅಂತ ಹೇಳುವ ಗಂಡಸು ಈ ತಾಲೂಕಿನಲ್ಲೇ ಸಿಕ್ಕಿರಲಿಲ್ಲ. ಇನ್ನು ಸಂತೆಯ ದಿನ ಬಂದು ಎಲ್ಲದರ ರುಚಿ ನೋಡಿ ಸಾಕ್ಷಿ ಹೇಳಿ ಹೋಗಿ. ಸರಕಾರದ ಕೆಲಸ, ಆಗುದಿಲ್ಲ ಅನ್ನುವ ಹಾಗಿಲ್ಲ."

ಸಂಘದ ಸಭೆ ಆ ಬೀದಿಯಲ್ಲೇ ನಿಂತುಕೊಂಡು ನಡೆಯಿತು. ಕಾರ್ಯದರ್ಶಿಯಾಗಿ ಪ್ರೇಮನಾಥ ಆಯ್ಕೆಯಾದ. ಸದಸ್ಯರು ಚಪ್ಪಾಳೆ ತಟ್ಟಿ, ಬಾಟಲಿಗಳ ತಳದಲ್ಲಿ ಉಳಿದಿದ್ದನ್ನೂ ಮುಗಿಸಿದರು.

ಭಟ್ಟರು ಬೆಳ್ಳಾರೆಯ ಬಸ್ಸು ಹತ್ತಿ ಕಿಟಕಿಯ ಬದಿಗೆ ಮುದುಡಿ ಕೂತರು. ಯಾರೋ ಹೊರಗಿನಿಂದ ಸರಳು ತಟ್ಟಿದರು. ಉದಯಶಂಕರ ರಾಯರು. ಸಮಾಧಾನ ಹೇಳಲು ಬಂದಿರಬೇಕೆಂದು ಭಟ್ಟರ ಕಣ್ಣು ತುಂಬಿತು.

ರಾಯರು ಆಚೀಚೆ ನೋಡಿ ಕಿಟಕಿಗೆ ಬಾಯಿಟ್ಟು ಪಿಸುಗುಟ್ಟಿದರು: "ಒಂದು ಮಾತು ಭಟ್ರೇ. ಸಾಕ್ಷಿ ಹೇಳುವಾಗ ತಪ್ಪಬಾರದು. ಆ ಕಹಿ ಮೊದಲು ಬರುದಲ್ಲ, ನುಂಗಿದ ಮೇಲೆ ಬರುದು."

ಬಸ್ಸು ಹೊರಟಿತು. ಭಟ್ಟರು ಹಾರಿ ಎದ್ದು ನಿಂತರು. "ಕೇಳಿದಿರಾ? ಅಧ್ಯಕ್ಷರು ಎಂತ ಹೇಳಿದ್ರು, ಕೇಳಿದಿರಾ ಎಲ್ಲರೂ?" ಎಂದು ಕೂಗುವಷ್ಟರಲ್ಲಿ ಹಲಸಿನ ಬೀರು ಹೊಟ್ಟೆಯಿಂದ ಒಂದು ಭಾರಿ ತೇಗಾಗಿ ಹೊರಬಂತು.

ಪಕ್ಕದವರು ಮೂಗಿಗೆ ಶಾಲು ಹಿಡಿದು ಮುಂದಿನ ಸೀಟಿಗೆ ಹೋದರು. ಕಂಡಕ್ಟರ್ ಭಟ್ಟರ ಭುಜ ಹಿಡಿದು ಮೆಲ್ಲನೆ ಕೂರಿಸಿದ.

"ಕೂತುಕೊಳ್ಳಿ ಭಟ್ರೇ. ಮುಂದೆ ತಿರುವು ಉಂಟು. ಈ ಸ್ಥಿತಿಯಲ್ಲಿ ನಿಲ್ಲುದು ಬೇಡ."