ನೆಲ ಬಿಡದ ವಾಯುಯಾನ ಪದವಿ

ನೆಬ್ರಾಸ್ಕಾದ ಪ್ಲಮ್ ಫೋರ್ಕ್ ವಾಯುಯಾನ ಕಾಲೇಜು ಸ್ಥಾಪನೆಯಾದಂದಿನಿಂದ ಈವರೆಗೆ ಅದರ ಒಂದೇ ಒಂದು ವಿಮಾನವೂ ಬಿದ್ದಿಲ್ಲ ಎಂಬುದು ಸಮಸ್ತರೂ ಹೆಮ್ಮೆಪಡತಕ್ಕ ಸಂಗತಿ.

ಆ ಊರಿನ ಡೆಲ್ಮರ್ ಹ್ರೂಸ್ಕಾನಿಗೆ ಇಂಥ ಹೆಮ್ಮೆ ಇರಲಿಲ್ಲ. ಅವನು ಬೇಕಾದಷ್ಟು ಸಲ ಬಿದ್ದಿದ್ದ. ದನ ಮೇಯುವ ಬಯಲಿನಲ್ಲಿ ಸೋದರಮಾವನಿಂದ ಹಾರಲು ಕಲಿತು, ಎರಡು ಸೀಟಿನ ಹಳೇ ಹಳದಿ ವಿಮಾನದಲ್ಲಿ ಜೋಳದ ಹೊಲಗಳಿಗೆ ಹುಳದ ಔಷಧಿ ಸಿಂಪಡಿಸಿ ಬದುಕಿದವನು. ಒಂದು ಬೇಸಿಗೆಯಲ್ಲಿ ಗಾಳಿ ಎಷ್ಟು ಜೋರಿತ್ತೆಂದರೆ, ವಿಮಾನ ಹಿಮ್ಮುಖವಾಗಿ ಹಾರಿ, ಸಿಂಪಡಿಸಿದ ಔಷಧಿಯೆಲ್ಲ ಟ್ಯಾಂಕಿಗೆ ವಾಪಸು ಬಂದಿತ್ತು. ಇದಕ್ಕೆ ಸಾಕ್ಷಿ ಹೇಳಬೇಕಾದ ಹುಳಗಳು ಈಗ ಬದುಕಿಲ್ಲ.

ಮಗಳು ಕೊರೀನ್‌ಗೆ ದೊಡ್ಡ ವಿಮಾನ ಓಡಿಸುವ ಆಸೆ. ಕಾಲೇಜಿಗೆ ಸೇರಿಸಬೇಕಾದರೆ ಹಳದಿ ವಿಮಾನವನ್ನು ಮಾರಬೇಕು. ಲಾಭ ನಷ್ಟ ವಿಚಾರಿಸಲು ಡೆಲ್ಮರ್ ಇಸ್ತ್ರಿ ಅಂಗಿ ತೊಟ್ಟು ಪ್ರವೇಶಾಧಿಕಾರಿ ಪ್ರೂಯಿಟ್ ಮೇಡಂ ಮುಂದೆ ಕೂತ.

"ಪದವಿ ಇಲ್ದೆ ಹಾರಕ್ಕಾಗಲ್ವಾ ಮೇಡಂ?"

"ಹಾರಬಹುದು ಹ್ರೂಸ್ಕಾ ಅವರೇ. ಆದ್ರೆ ಪದವಿ ಇದ್ದೋರನ್ನ ಕಂಪನಿಯೋರು ಕಡಿಮೆ ಗಂಟೆ ಹಾರಿದ್ರೂ ತಗೋತಾರೆ."

"ಅಂದ್ರೆ ಕಡಿಮೆ ಹಾರೋದಕ್ಕೆ ಜಾಸ್ತಿ ದುಡ್ಡು?"

"ಅದನ್ನೇ ಉನ್ನತ ಶಿಕ್ಷಣ ಅನ್ನೋದು."

ಕಿಟಕಿಯಾಚೆ ರನ್‌ವೇಯಿಂದ ನೀರಿನ ಟ್ಯಾಂಕಿನವರೆಗೆ ವಿಮಾನಗಳ ಸಾಲು. ಎಲ್ಲದರ ಎಂಜಿನ್ನೂ ಗುರ್ರೆನ್ನುತ್ತಿತ್ತು, ಒಂದೂ ಅಲುಗುತ್ತಿರಲಿಲ್ಲ. ಗಾಳಿ ತೋರಿಸಲು ಕಂಬಕ್ಕೆ ಕಟ್ಟಿದ ಗಾಳಿಚೀಲ ಉಬ್ಬಿರುವಾಗ ಹಾರತಕ್ಕದ್ದಲ್ಲವೆಂಬುದು ಕಾಲೇಜಿನ ಮೊದಲನೇ ನಿಯಮ. ನೆಬ್ರಾಸ್ಕಾದಲ್ಲಿ ಗಾಳಿಚೀಲ ಉಬ್ಬದ ದಿನವನ್ನು ಡೆಲ್ಮರನ ಅಜ್ಜಿ ಕಂಡಿದ್ದಳಂತೆ.

"ಇವರು ಹಾರೋದು ಯಾವಾಗ?"

"ಹಾರ್ತಾನೇ ಇದಾರಲ್ಲ! ಎಂಜಿನ್ ಓಡಿದಷ್ಟೂ ಮೀಟರು ಗಂಟೆ ಬರ್ಕೊಳುತ್ತೆ. ನೆಲ, ಆಕಾಶ ಅಂತ ಮೀಟರಿಗೆ ಭೇದಭಾವ ಇಲ್ಲ."

"ಓದಿ ಮುಗಿಸಿದೋರಿಗೆ ಕೆಲಸ?"

"ಒಬ್ಬರೂ ಖಾಲಿ ಕೂತಿಲ್ಲ. ಅಗೋ ನೋಡಿ, ಒಂದು ಸೀಟಲ್ಲಿ ವಿದ್ಯಾರ್ಥಿ, ಇನ್ನೊಂದರಲ್ಲಿ ಹೋದ ವರ್ಷದ ವಿದ್ಯಾರ್ಥಿ. ಅವನೀಗ ಶಿಕ್ಷಕ. ಸಾಲಲ್ಲಿ ಹೇಗೆ ನಿಲ್ಲಬೇಕು ಅನ್ನೋದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಮನೆಗೆ ಬಂದಾಗ ಕೊರೀನ್ ಹಳದಿಯ ರೆಕ್ಕೆ ಒರೆಸುತ್ತಿದ್ದಳು. "ಅಪ್ಪಾ, ಇದನ್ನ ಮಾರ್ಬೇಡ. ನೀನೇ ಕಲ್ಸು."

"ನಾನು ಕಲ್ಸಿದ್ರೆ ನೀನು ಹಾರ್ತೀಯ ಅಷ್ಟೆ, ಮಗಳೇ. ಪೈಲಟ್ ಆಗಲ್ಲ."

ಆದರೂ ಅವನು ಹಿಂದೆಮುಂದೆ ನೋಡುತ್ತಿದ್ದ. ಅದನ್ನು ತೀರ್ಮಾನಿಸಿದ್ದು ಕೆಫೆಯಲ್ಲಿ ಕೊಲಾಚೆ ಬನ್ನು ಮೆಲ್ಲುತ್ತಿದ್ದ ನೆರೆಯವ ವರ್ಲಿನ್. "ನನ್ನ ಮಗ ಸಾಲಲ್ಲಿ ನೀರಿನ ಟ್ಯಾಂಕು ದಾಟಿದಾನೆ ಕಣೋ! ನಿನ್ನ ಮಗಳು ಇನ್ನೂ ಹುಳದ ಹಿಂದೇನಾ?" ಡೆಲ್ಮರ್ ಕಾಫಿ ಅರ್ಧಕ್ಕೇ ಬಿಟ್ಟು ಎದ್ದ.

ಹಳದಿಯನ್ನು ಕೊಂಡದ್ದೂ ಕಾಲೇಜೇ. ಸಾಲಿಗೆ ವಿಮಾನ ಸಾಲದಾಗಿತ್ತು. ಆಮೇಲೆ ಸಾಲಿಗೆ ಜಾಗವೇ ಸಾಲದಾಯಿತು. ಆಗ ಹೊರಟ ಪ್ರಕಟಣೆ ಇದು:

"ರೆಕ್ಕೆಗಳು ಅನವಶ್ಯಕವಾಗಿ ಜಾಗ ಆಕ್ರಮಿಸುತ್ತಿರುವುದು ಆಡಳಿತ ಮಂಡಳಿಯ ಗಮನಕ್ಕೆ ಬಂದಿರುವುದರಿಂದ, ಅವುಗಳನ್ನು ಕಳಚಿ ಉಗ್ರಾಣದಲ್ಲಿ ಇಡತಕ್ಕದ್ದು. ಹಾರುವ ಇಚ್ಛೆಯುಳ್ಳವರು ರಸೀದಿ ತೋರಿಸಿ ರೆಕ್ಕೆ ಪಡೆಯಬಹುದು."

ಯಾರೂ ಪಡೆಯಲು ಹೋಗಲಿಲ್ಲ. ಹೋದರೆ ಸಾಲು ತಪ್ಪುತ್ತದೆ.

ಕೊರೀನ್ ಪದವೀಧರೆಯಾಗಿ ಶಿಕ್ಷಕಿಯಾದಳು. ಸಿಕ್ಕಿದ್ದು ಹಳದಿಯ ಹಿಂದಿನ ಸೀಟೇ. ಇತ್ತ ಊರಿನ ಜೋಳಕ್ಕೆ ಹುಳ ಬಿದ್ದು ರೈತರು ಡೆಲ್ಮರನ ಬಾಗಿಲು ಬಡಿದರು. ಔಷಧಿ ಹೊಡೆಯಲು ಹಳದಿ ಬೇಕು. ಹಳದಿಯಲ್ಲಿ ಕೂರಲು ವಿದ್ಯಾರ್ಥಿಯಾಗಬೇಕು. ಡೆಲ್ಮರ್ ಸೇರಿಕೊಂಡ. ಹುಳಗಳಿಗೆ ಕಾಯುವಂತೆ ತಿಳಿಸಲಾಯಿತು.

ಮುಂದೆ ಅಪ್ಪ, ಹಿಂದೆ ಮಗಳು. ಮುಂದಿನ ವಿಮಾನಗಳು ಪೆಟ್ರೋಲು ಮುಗಿದು ಪಕ್ಕಕ್ಕೆ ಸರಿದಂತೆಲ್ಲ ಹಳದಿ ಮುಂದಕ್ಕೆ ತೆವಳಿತು. ಸಾಲಿನ ತಲೆ ಮುಟ್ಟಿದವನು ಒಂಟಿಯಾಗಿ ಹಾರಿದಂತೆಯೇ ಎಂದು ನಿಯಮ. ಮೊದಲ ಸಲ ಒಂಟಿಯಾಗಿ ಹಾರಿದವನ ಅಂಗಿಯ ಹಿಂತುದಿಯನ್ನು ಗುರು ಕತ್ತರಿಸಿ ಗೋಡೆಗೆ ಮೊಳೆ ಹೊಡೆದು ನೇತುಹಾಕುವುದು ಅಲ್ಲಿಯ ಪೈಲಟ್ಟರ ಹಳೇ ಪದ್ಧತಿ. ಸೋದರಮಾವ ಕತ್ತರಿಸಿದ ತುಂಡು ಡೆಲ್ಮರನ ಕೊಟ್ಟಿಗೆಯಲ್ಲಿ ಇನ್ನೂ ನೇತಾಡುತ್ತಿತ್ತು.

ಹಳದಿ ತಲೆ ಮುಟ್ಟಿದ ಬೆಳಿಗ್ಗೆ ಒಂದು ವಿಚಿತ್ರ ನಡೆಯಿತು. ಗಾಳಿಚೀಲ ಒದ್ದೆ ಕಾಲುಚೀಲದ ಹಾಗೆ ಜೋತುಬಿತ್ತು. ಗಾಳಿ ಸತ್ತಿತ್ತು. ಮುಂದೆ ಖಾಲಿ ರನ್‌ವೇ.

ಕೊರೀನ್ ಮುಂದಕ್ಕೆ ಬಾಗಿದಳು. "ಅಪ್ಪಾ, ರಸೀದಿ ಜೇಬಲ್ಲೇ ಇದೆ. ಓಡಿಹೋಗಿ ರೆಕ್ಕೆ ತರ್ತೀನಿ. ಹೋಗೋಣ್ವಾ?"

ಡೆಲ್ಮರ್ ಆಕಾಶ ನೋಡಿದ. ದೂರದ ಜೋಳ ನೋಡಿದ. ಹಿಂದೆ ತಿರುಗಿದರೆ ನೀರಿನ ಟ್ಯಾಂಕಿನಾಚೆಯವರೆಗೂ ಸಾಲು, ಅದರ ಎರಡನೆಯ ವಿಮಾನದಲ್ಲಿ ಈಗ ಶಿಕ್ಷಕನಾಗಿದ್ದ ವರ್ಲಿನ್‌ನ ಮಗ.

"ಹುಚ್ಚೀ, ಸುಮ್ನಿರು," ಅಂದ ಮೆಲ್ಲಗೆ. "ಈಗ ಹಾರಿದ್ರೆ ಮೊದಲನೇ ಜಾಗ ಆ ವರ್ಲಿನ್ ಮಗನಿಗೆ ಹೋಗುತ್ತೆ."

ಕೊರೀನ್ ರಸೀದಿಯನ್ನು ಜೇಬಲ್ಲೇ ಬಿಟ್ಟು, ಕತ್ತರಿ ಹೊರತೆಗೆದಳು. ರನ್‌ವೇ ಪಕ್ಕ ನಿಂತಿದ್ದ ಪ್ರೂಯಿಟ್ ಮೇಡಂ ಚಪ್ಪಾಳೆ ತಟ್ಟಿದರು. ಡೆಲ್ಮರ್ ವಿಮಾನದಿಂದಿಳಿದು ಹೆಮ್ಮೆಯಿಂದ ಬೆನ್ನು ತಿರುಗಿಸಿ ನಿಂತ.